ಮನೆಯ ದೂರದರ್ಶನವೂ ಮಿತವ್ಯಯವೂ

ಗೃಹಕೃತ್ಯದಲ್ಲಿ ದೊಡ್ಡ ವೆಚ್ಚಗಳು ಯಾರ ಕಣ್ಣಿಗಾದರೂ ಬೀಳುತ್ತವೆ. ಮದುವೆ, ಮನೆಯ ದುರಸ್ತಿ, ಹಸುವಿನ ಖರೀದಿ ಮುಂತಾದವುಗಳನ್ನು ಕುರಿತು ನಾವು ಹತ್ತು ಜನರೊಡನೆ ಆಲೋಚಿಸಿ, ಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂಬುದನ್ನು ಗೊತ್ತುಮಾಡಿಕೊಂಡೇ ಕೈ ಹಾಕುತ್ತೇವೆ. ಆದರೆ ತಿಂಗಳಿಗೊಂದು ಸಲ ಬಾಗಿಲಿಗೆ ಬಂದು, ಚೀಟಿ ಕೊಟ್ಟು, ಹಣ ತೆಗೆದುಕೊಂಡು ಹೋಗತಕ್ಕ ಸಣ್ಣ ವೆಚ್ಚಗಳ ವಿಷಯದಲ್ಲಿ ಇಂತಹ ಆಲೋಚನೆ ಯಾರಿಗೂ ಬರುವುದಿಲ್ಲ. ಕೊಡದ ತಳದಲ್ಲಿ ಸೂಜಿಯ ಮೊನೆಯಷ್ಟು ತೂತು ಇದ್ದರೆ, ನೀರು ಹೊತ್ತು ತಂದ ಹೆಣ್ಣುಮಗಳಿಗೆ ಅದು ದಾರಿಯಲ್ಲಿ ತಿಳಿಯದು. ಮನೆಯಲ್ಲಿ ಕೊಡವನ್ನು ಇಳಿಸಿದಮೇಲೆ ತಿಳಿಯುತ್ತದೆ. ಕೇಬಲ್ ಟಿ.ವಿ.ಗೆ ನಾವು ತೆರುವ ಹಣವೂ ಈ ಜಾತಿಯದು. ಅದನ್ನು ಕಡಿಮೆ ಮಾಡಿಕೊಳ್ಳುವ ಮಾರ್ಗಗಳು ಯಾವುವು, ಅವುಗಳಲ್ಲಿ ಯಾವ ಮನೆಗೆ ಯಾವುದು ಹೊಂದೀತು ಎಂಬುದನ್ನು, ನಮ್ಮ ಮನೆಯಲ್ಲಿ ನಾವು ಮಾಡಿದ ಒಂದು ತಪ್ಪಿನೊಡನೆ, ವಾಚಕರ ಮುಂದೆ ಇಡಬೇಕೆಂದು ಈ ಲೇಖನ.

ನಮ್ಮ ಗುಡೇಮಾರನಹಳ್ಳಿ ಮಾಗಡಿ ಸೀಮೆಯ ಊರು. ರಾಗಿಯ ಹೊಲ, ನಾಲ್ಕು ತೆಂಗು, ಒಂದೆರಡು ಹಸು, ಇವೇ ಇಲ್ಲಿಯ ಬಹುಮಂದಿ ಗೃಹಸ್ಥರ ಆಧಾರ. ಡೇರಿಯಲ್ಲಿ ಹಾಲಿನ ಬಟವಾಡೆಯಾದ ದಿನವೇ ಅಂಗಡಿಯ ಬಾಕಿಯೂ ಕೇಬಲ್ಲಿನ ಬಾಕಿಯೂ ತೀರುವುದು ವಾಡಿಕೆ. ನಿವೃತ್ತಿ ವೇತನದಿಂದ ಜೀವಿಸತಕ್ಕ ನಮಗೆ ಆ ಬಟವಾಡೆಯ ಆಸರೆಯೂ ಇಲ್ಲ. ಕಳೆದ ವರ್ಷ ಶಾಲೆಗಳು ಆರಂಭವಾಗುವ ಹೊತ್ತಿಗೆ ಮೊಮ್ಮಗಳ ಪುಸ್ತಕಗಳಿಗೆ ಹಣ ಸಾಲದೆ ಬರಲು, ಮನೆಯ ಲೆಕ್ಕದ ಪುಸ್ತಕವನ್ನು ತೆಗೆದು ಕುಳಿತೆವು. ಕೇಬಲ್ಲಿಗೆ ತಿಂಗಳಿಗೆ 350 ರೂಪಾಯಿ. ತಿಂಗಳ ಲೆಕ್ಕದಲ್ಲಿ ಅದು ಅಲ್ಪವೆಂದೇ ತೋರಿತು; ಹನ್ನೆರಡರಿಂದ ಗುಣಿಸಿದಾಗ 4,200 ರೂಪಾಯಿ ಆಯಿತು. ಮಕ್ಕಳಿಗೆ ಗುಣಾಕಾರವನ್ನು ಹೇಳಿಕೊಟ್ಟು ಆಯುಷ್ಯವನ್ನು ಕಳೆದ ನಾವು ಈ ಒಂದು ಗುಣಾಕಾರವನ್ನು ಅಷ್ಟು ವರ್ಷ ಮಾಡಿರಲಿಲ್ಲ.

ಪದಾರ್ಥದ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಅದರ ಅಗತ್ಯವನ್ನು ವಿಚಾರಿಸತಕ್ಕದ್ದು ನ್ಯಾಯ. ಆದಕಾರಣ ಒಂದು ಹಾಳೆ ಕಾಗದವನ್ನು ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿ, ಏಳು ದಿನ ಯಾರು ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿದರೆಂಬುದನ್ನು ಅವರವರೇ ಬರೆಯಬೇಕೆಂದು ಗೊತ್ತುಮಾಡಿದೆವು. ವಾರದ ಕೊನೆಯಲ್ಲಿ ನೋಡಿದರೆ ಫಲಿತಾಂಶ ವಿನೋದವಾಗಿತ್ತು. ನಮಗೆ ವಾರ್ತೆ ಮತ್ತು ಸಂಗೀತ; ನಮ್ಮ ಮನೆಯಾಕೆಗೆ ಹಳೆಯ ಚಲನಚಿತ್ರ; ಮಗನಿಗೆ ವಾರ್ತೆ; ಸೊಸೆಗೆ ಅಡುಗೆಯ ಕಾರ್ಯಕ್ರಮ; ಮೊಮ್ಮಗಳಿಗೆ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. ಡಾ. ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದಿರುವ, ಸರಿಯಾದ ಉತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಆ ಕಾರ್ಯಕ್ರಮವನ್ನು ಅರಿಯದ ಕನ್ನಡ ಮನೆಯುಂಟೆ? ಅಂತು ಇನ್ನೂರಕ್ಕೂ ಮೇಲ್ಪಟ್ಟ ವಾಹಿನಿಗಳಲ್ಲಿ ನಮ್ಮ ಮನೆಗೆ ಬೇಕಾಗಿದ್ದವು ಐದೋ ಆರೋ. ಅವುಗಳಲ್ಲಿ ಬಹುಭಾಗ ಹಣ ಕೊಡದೆ ದೊರೆಯತಕ್ಕವು. ಕೇಬಲ್ಲನ್ನು ಬಿಡಬಹುದೆಂದು ತೀರ್ಮಾನವಾಯಿತು.

ಹಣ ಕೊಡದೆ ದೂರದರ್ಶನವನ್ನು ನೋಡುವ ಮಾರ್ಗಗಳಲ್ಲಿ ಪ್ರಥಮ ಗಣನೆಗೆ ಬರತಕ್ಕದ್ದು ಪ್ರಸಾರ ಭಾರತಿಯವರ ‘ಡಿ.ಡಿ. ಫ್ರೀ ಡಿಷ್’. ಇದು 2004ರ ಡಿಸೆಂಬರ್‌ನಲ್ಲಿ ‘ಡಿ.ಡಿ. ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಿಂದ ಆರಂಭವಾಯಿತು. ಛತ್ರಿಯಾಕಾರದ ಡಿಷ್, ಸೆಟ್ ಟಾಪ್ ಬಾಕ್ಸ್, ತಂತಿ, ಜೋಡಿಸುವವರ ಕೂಲಿ, ಇವೆಲ್ಲ ಸೇರಿ ಒಂದು ಸಲಕ್ಕೆ ಸುಮಾರು 2,000 ರೂಪಾಯಿ ಖರ್ಚು. ಆಮೇಲೆ ತಿಂಗಳ ಶುಲ್ಕವೆಂಬುದೇ ಇಲ್ಲ. ಯಾರಾದರೂ ಫ್ರೀ ಡಿಷ್ಷಿನ ಹೆಸರು ಹೇಳಿ ತಿಂಗಳ ಹಣವನ್ನೋ ರೀಚಾರ್ಜನ್ನೋ ಕೇಳಿದರೆ ಅದು ವಂಚನೆಯೆಂದೇ ತಿಳಿಯಬೇಕು.

ಆಕಾಶದಿಂದ ನೇರವಾಗಿ ಚಿತ್ರವನ್ನು ಇಳಿಸಿಕೊಳ್ಳುವುದು ಕನ್ನಡ ನಾಡಿಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಒಂದು ಉಪಗ್ರಹದ ಸಹಾಯದಿಂದ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ದೂರದರ್ಶನದ ಮೂಲಕ ಶಿಕ್ಷಣದ ಪ್ರಯೋಗ ನಡೆಯಿತು. ಅವುಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಕೋಳಿಗೂಡಿಗೆ ಹೊಂದಿಸುವ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿಗಳ ಕೆಳಗೆ ಊರಿಗೆ ಊರೇ ಕುಳಿತು ನೋಡುತ್ತಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು ಅದಕ್ಕೂ ಆರು ವರ್ಷ ತರುವಾಯ, 1981ರ ನವೆಂಬರ್ 1ರಂದು. ಅನಂತರ ಬಂದದ್ದೇ ಮನೆಯ ಮೇಲೆ ಮೀನಿನ ಮುಳ್ಳಿನಂತೆ ನಿಲ್ಲುತ್ತಿದ್ದ ಆಂಟೆನಾ. ಗಾಳಿ ಬೀಸಿದಾಗಲೆಲ್ಲ ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು, ಹೋಯಿತು” ಎಂದು ಕೂಗುವುದು. ಆ ಹಳೆಯ ಆಂಟೆನಾ ಇನ್ನೂ ಅಟ್ಟದಲ್ಲಿದೆ, ಅದನ್ನೇ ಹಾಕಿದರಾಗದೆ ಎಂದು ಕೆಲವರು ಕೇಳುವುದುಂಟು. ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಹಳೆಯ ಕ್ರಮದ ನೆಲಪ್ರಸಾರವನ್ನು ದೂರದರ್ಶನದವರು 2022ರ ವೇಳೆಗೆ ಕೆಲವೇ ಆಯಕಟ್ಟಿನ ಸ್ಥಳಗಳ ಹೊರತು ಎಲ್ಲ ಕಡೆಯೂ ನಿಲ್ಲಿಸುವ ಕ್ರಮ ಕೈಕೊಂಡರು.

ಫ್ರೀ ಡಿಷ್ಷಿಗೆ ಚಿತ್ರ ಬರುವುದು 2015ರ ನವೆಂಬರ್‌ನಲ್ಲಿ ಹಾರಿಸಲಾದ ಜಿಸ್ಯಾಟ್-15 ಎಂಬ ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯ ನೇರದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು, ಭೂಮಿ ತಿರುಗುವ ವೇಗದಲ್ಲಿಯೇ ತಾನೂ ಸುತ್ತುವುದರಿಂದ ನಮಗೆ ಸದಾ ಒಂದೇ ಕಡೆ ನಿಂತಂತೆ ಇರುತ್ತದೆ. ನಮ್ಮ ಸೀಮೆಯಿಂದ ನೋಡುವವರಿಗೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ 65 ಡಿಗ್ರಿಗೂ ಸ್ವಲ್ಪ ಮೇಲೆ, ಎಂದರೆ ನೆತ್ತಿಯ ಕಡೆಗೇ ಹೆಚ್ಚಾಗಿ ಇರುತ್ತದೆ. ಹಿರಿಯರು ಅಡುಗೆಯ ಮನೆಗೆಂದು ಹೇಳಿದ ಅಗ್ನಿಮೂಲೆಯ ಕಡೆಗೇ ಈ ಡಿಷ್ಷೂ ಮುಖ ಮಾಡಬೇಕೆಂಬುದು ಕಾಕತಾಳೀಯವಾದರೂ ನೆನಪಿಡುವುದಕ್ಕೆ ಅನುಕೂಲ. ಆ ಮೂಲೆಯಲ್ಲಿ ತೆಂಗಿನ ಗರಿಯೋ ಪಕ್ಕದ ಮಹಡಿಯೋ ಅಡ್ಡ ಬಂದರೆ ಚಿತ್ರ ಬರುವುದಿಲ್ಲ. ಆದ್ದರಿಂದ ಹಣ ಕೊಡುವುದಕ್ಕೆ ಮೊದಲು ಮನೆಯ ಮೇಲೆ ನಿಂತು ಆಗ್ನೇಯವನ್ನು ಒಂದು ಸಲ ನೋಡತಕ್ಕದ್ದು. ಮಳೆ ಜೋರಾಗಿ ಹಿಡಿದಾಗ ಸ್ವಲ್ಪ ಹೊತ್ತು ಚಿತ್ರ ನಿಲ್ಲುವುದೂ ಉಂಟು. ಮಳೆಯ ಹನಿಗಳು ಆ ಅಲೆಗಳನ್ನು ಹೀರಿಕೊಳ್ಳುವುದೇ ಕಾರಣ, ಯಂತ್ರದ ದೋಷವಲ್ಲ. ಬಾಕ್ಸನ್ನು ಕೊಳ್ಳುವಾಗ ‘ಎಂ.ಪಿ.ಇ.ಜಿ.-4’ ಎಂಬ ಕ್ರಮದ್ದನ್ನೇ ಕೇಳಬೇಕು. ಹಳೆಯ ಕ್ರಮದ ಬಾಕ್ಸಿನಲ್ಲಿ ವಾಹಿನಿಗಳು ಕಡಿಮೆ.

ಇದರ ಗುಣವನ್ನು ಹೇಳಿದಮೇಲೆ ಕೊರತೆಯನ್ನೂ ಹೇಳಬೇಕು. ದೂರದರ್ಶನದ ವಾಹಿನಿಗಳು, ನಮ್ಮ ಚಂದನ, ಶಾಲಾಮಕ್ಕಳ ಪಾಠದ ವಾಹಿನಿಗಳು, ಆಕಾಶವಾಣಿಯ ಕೆಲವು ಕೇಂದ್ರಗಳು, ಇವು ಇಲ್ಲಿ ಧಾರಾಳ. ಖಾಸಗಿ ವಾಹಿನಿಗಳಿಗೆ ಇಲ್ಲಿಯ ಸ್ಥಾನಗಳನ್ನು ಹರಾಜಿನಲ್ಲಿ ಕೊಡುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ, ಮತ್ತು ಅವುಗಳಲ್ಲಿ ಹಿಂದಿಯವೇ ಹೆಚ್ಚು. ಸಂಜೆಯ ಧಾರಾವಾಹಿಗಳಿಂದ ಹೆಸರಾದ ಕನ್ನಡದ ಖಾಸಗಿ ವಾಹಿನಿಗಳನ್ನು ಇಲ್ಲಿ ನಿರೀಕ್ಷಿಸಬಾರದು. ನಮ್ಮ ಗೋಡೆಯ ಪಟ್ಟಿಯಲ್ಲಿ ಅಂತಹ ಧಾರಾವಾಹಿ ಯಾವುದೂ ಇರಲಿಲ್ಲವಾದ್ದರಿಂದ ನಾವು ಈ ಕೊರತೆಯನ್ನು ಲಕ್ಷಿಸಲಿಲ್ಲ. ಕೇಬಲ್ಲಿನವರಿಗೆ ಹೇಳಿ ಕಳುಹಿಸಿ, ಡಿಷ್ಷನ್ನು ಹಾಕಿಸಿದೆವು. ಉಳಿದ ಹಣದಿಂದ ಪುಸ್ತಕಗಳು ಬಂದುವು. ಮಿತವ್ಯಯವನ್ನು ಸಾಧಿಸಿದೆವೆಂಬ ಸಂತೋಷ ನಮಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಊರಿನ ಕಟ್ಟೆಯ ಮೇಲೆ ಎರಡು ಮೂರು ಸಲ ಅದನ್ನು ಕುರಿತು ಉಪನ್ಯಾಸವನ್ನೂ ಮಾಡಿದೆವು.

ಒಂದು ತಿಂಗಳು ಕಳೆದಿರಬೇಕು. ಆಷಾಢದ ಜಡಿಮಳೆಯ ಒಂದು ಸಂಜೆ, ಏಳೂವರೆಯ ಹೊತ್ತು, ಹೊರಗಿನ ಕಲ್ಲುಚಪ್ಪಡಿಯ ಮೇಲೆ ಯಾರೋ ಬಿದ್ದ ಸದ್ದಾಯಿತು. ದೀಪ ಹಿಡಿದು ನೋಡಿದರೆ ನಮ್ಮ ಅಕ್ಕ. ಆಕೆ ನಮಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಹೋದಮೇಲೆ ನಮ್ಮಲ್ಲಿಯೇ ಇದ್ದಾಳೆ. ಕಣ್ಣಿಗೆ ಪೊರೆ ಬರುತ್ತಿದ್ದು ಸಂಜೆಯ ಮೇಲೆ ದೃಷ್ಟಿ ಮಂದ. ದೇವರ ದಯದಿಂದ ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಉಳುಕಿ ಊದಿಕೊಂಡಿತ್ತು. ಒಳಗೆ ಕರೆತಂದು ಕೂಡಿಸಿ ಕೇಳಿದೆವು.

“ಅಕ್ಕಾ, ಈ ಕತ್ತಲೆಯಲ್ಲಿ ಎಲ್ಲಿಗೆ ಹೋಗಿದ್ದೆ?”

“ಎಲ್ಲಿಗೂ ಇಲ್ಲಪ್ಪ. ಪಕ್ಕದ ಮನೇಲಿ ಒಂದರ್ಧ ಗಂಟೆ ಕೂತಿದ್ದೆ.”

ನಮ್ಮ ಮನೆಯಾಕೆಗೆ ಒಡನೆಯೇ ತಿಳಿಯಿತು. “ಧಾರಾವಾಹಿ ನೋಡೋದಕ್ಕೆ ತಾನೆ, ಅತ್ತಿಗೆ? ನಮಗೆ ಒಂದು ಮಾತು ಹೇಳಬಾರದಾಗಿತ್ತೆ?”

“ಏನೂಂತ ಹೇಳಲಮ್ಮ? ಮಗೂನ ಪುಸ್ತಕಕ್ಕೇಂತ ತೆಗೆಸಿದ್ದು. ಈ ಮುದುಕಿ ಕತೆಗೆ ದುಡ್ಡು ಹಾಕು ಅನ್ನಲೇನು?”

ದಿನವೂ ಸಂಜೆ ಏಳು ಗಂಟೆಯ ಹೊತ್ತಿಗೆ ಹೆಂಗಸರಿಬ್ಬರೂ ಅಡುಗೆಯ ಮನೆಯಲ್ಲಿ, ಮಗು ಓದಿನ ಕೋಣೆಯಲ್ಲಿ, ಮಗ ಇನ್ನೂ ದಾರಿಯಲ್ಲಿ, ನಾವು ಊರಿನ ಕಟ್ಟೆಯ ಮೇಲೆ. ಹಜಾರದಲ್ಲಿ ಆಕೆಯೊಬ್ಬಳೇ ಟಿ.ವಿ.ಯ ಹತ್ತಿರಕ್ಕೆ ಮಣೆಯನ್ನು ಎಳೆದುಕೊಂಡು ಕುಳಿತು ಒಂದು ಧಾರಾವಾಹಿಯನ್ನು ನೋಡುತ್ತಿದ್ದಳು, ಕಣ್ಣು ಮಂದವಾದಮೇಲೆ ಕೇಳುತ್ತಿದ್ದಳು ಎಂದರೂ ಸಲ್ಲುತ್ತದೆ. ಮರುದಿನ ಬೀದಿಯ ಹೆಂಗಸರೊಡನೆ ಆ ಕಥೆಯ ಸೊಸೆಗೆ ಹೀಗಾಯಿತೆಂದೂ ಅತ್ತೆ ಹಾಗೆಂದಳೆಂದೂ ಮಾತನಾಡುವುದೇ ಆಕೆಗೆ ಹೊರಗಿನ ಲೋಕದೊಡನೆ ಉಳಿದಿದ್ದ ಸಂಬಂಧ. ಧಾರಾವಾಹಿ ನಿಂತ ದಿನ ಆ ಮಾತೂ ನಿಂತಿತು.

ಗೋಡೆಯ ಮೇಲೆ ನಮ್ಮ ಕಾಗದ ಇನ್ನೂ ಅಂಟಿಕೊಂಡಿತ್ತು. ಮನೆಯಲ್ಲಿರುವವರು ಆರು ಜನ. ಅದರಲ್ಲಿದ್ದ ಹೆಸರುಗಳು ಐದು. ಅವರವರೇ ಬರೆಯಬೇಕೆಂದು ನಾವು ನಿಯಮ ಮಾಡಿದ್ದೆವು. ಆಕೆಗೆ ಬರೆಯಲು ಬಾರದು. ನಾವು ನೂರಾರು ಮಕ್ಕಳ ಕೈ ಹಿಡಿದು ಅಕ್ಷರವನ್ನು ತಿದ್ದಿಸಿದವರು. ನಮ್ಮನ್ನು ಎತ್ತಿ ಆಡಿಸಿದ ಅಕ್ಕನಿಗೆ ಒಂದು ಅಕ್ಷರವನ್ನೂ ಕಲಿಸಲಿಲ್ಲ. ಆ ರಾತ್ರಿ ನಮಗೆ ಬೇಗ ನಿದ್ರೆ ಬರಲಿಲ್ಲ.

ಮಾರನೆಯ ದಿನ ಲೆಕ್ಕವನ್ನು ಮೊದಲಿನಿಂದ ಆರಂಭಿಸಿದೆವು. ಈ ಸಲ ಅಕ್ಕನನ್ನು ಮುಂದೆ ಕೂಡಿಸಿಕೊಂಡು, ಆಕೆ ಹೇಳಿದ್ದನ್ನು ನಾವು ಬರೆದುಕೊಂಡೆವು.

ಮೊದಲು ಮಗ ಹೇಳಿದ ಮಾರ್ಗ ಮೊಬೈಲಿನದು. ಈಗ ಬಹುಮಟ್ಟಿಗೆ ಎಲ್ಲ ಧಾರಾವಾಹಿಗಳೂ ಆಯಾ ವಾಹಿನಿಯವರ ಮೊಬೈಲ್ ಆ್ಯಪುಗಳಲ್ಲಿ ಚಂದಾ ಹಣಕ್ಕೆ ದೊರೆಯುತ್ತವೆ. ಪ್ರಸಾರ ಭಾರತಿಯವರೂ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಆ್ಯಪನ್ನು ಹೊರತಂದಿದ್ದಾರೆ. ಅದರಲ್ಲಿ ದೂರದರ್ಶನದ ಹಳೆಯ ಮತ್ತು ಹೊಸ ಕಾರ್ಯಕ್ರಮಗಳುಂಟು. ಮನೆಗೆ ಇಂಟರ್ನೆಟ್ಟಿನ ತಂತಿ ಮೊದಲೇ ಬಂದಿದ್ದು, ಟಿ.ವಿ.ಯೂ ಹೊಸ ಬಗೆಯದಾಗಿದ್ದರೆ, ಬೇರೆ ಕೇಬಲ್ ಇಲ್ಲದೆ ಇದೊಂದರಿಂದಲೇ ಸಂಸಾರ ಸಾಗುತ್ತದೆ. ಆದರೆ ಮೊಬೈಲಿನ ದಿನದ ಡಾಟಾವನ್ನೇ ನಂಬಿದವರು ಲೆಕ್ಕವನ್ನು ತಿಳಿದಿರಬೇಕು: ಸಾಧಾರಣ ಚಿತ್ರಕ್ಕೆ ಗಂಟೆಗೆ ಒಂದು ಜಿ.ಬಿ.ಗೆ ಸಮೀಪ ಹಿಡಿಯುತ್ತದೆ, ಸ್ಪಷ್ಟವಾದ ಚಿತ್ರಕ್ಕೆ ಎರಡು ಮೂರು. ಚಂದಾ ಅವಧಿ ಮುಗಿದೊಡನೆ ತಾನಾಗಿಯೇ ಹಣವನ್ನು ಕಳೆದುಕೊಳ್ಳುವ ಏರ್ಪಾಡು ಇದ್ದರೆ ಅದನ್ನು ಮೊದಲೇ ನಿಲ್ಲಿಸಬೇಕು. ಒಂದಾದಮೇಲೊಂದು ಮೂರು ನಾಲ್ಕು ಚಂದಾಗಳನ್ನು ಕಟ್ಟಿದವರು ಬಿಟ್ಟ ಕೇಬಲ್ಲಿಗಿಂತ ಹೆಚ್ಚು ತೆರುವುದನ್ನು ನಾವು ಕಂಡಿದ್ದೇವೆ. ಇದೆಲ್ಲ ಇರಲಿ, ಪೊರೆ ಬಂದ ಕಣ್ಣಿಗೆ ಅಂಗೈಯಗಲದ ಗಾಜಿನಲ್ಲಿ ಏನು ಕಂಡೀತು? ನಮ್ಮ ಟಿ.ವಿ.ಯೂ ಹಳೆಯದು. ಈ ಮಾರ್ಗ ನಮಗೆ ಹೊಂದಲಿಲ್ಲ.

ಉಳಿದದ್ದು, ಕೇಬಲ್ಲನ್ನು ಪೂರ್ತಿಯಾಗಿ ಬಿಡದೆ ಅದರ ರೆಂಬೆಗಳನ್ನು ಸವರುವುದು. ಬಹುಜನ ಗೃಹಸ್ಥರು ಅರಿಯದ ಮಾರ್ಗ ಇದೇ. 2019ರ ಫೆಬ್ರವರಿ 1ರಿಂದ ಟ್ರಾಯ್ ಪ್ರಾಧಿಕಾರದವರ ನಿಯಮದಂತೆ ನಮಗೆ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅಧಿಕಾರ ನಮಗಿದೆ. ತೆರುವ ಹಣದಲ್ಲಿ ಮೂರು ಅಂಶಗಳು: ಮೊದಲನೆಯದು ಜಾಲದ ಮೂಲಶುಲ್ಕ, ಎರಡನೆಯದು ಬೆಲೆಯುಳ್ಳ ವಾಹಿನಿಗಳ ಬೆಲೆ, ಮೂರನೆಯದು ಇವೆರಡರ ಮೇಲೆ ಶೇಕಡಾ 18ರ ತೆರಿಗೆ. ಮೂಲಶುಲ್ಕ ಆರಂಭದಲ್ಲಿ 100 ವಾಹಿನಿಗಳಿಗೆ ಹೆಚ್ಚೆಂದರೆ 130 ರೂಪಾಯಿ ಎಂದಿತ್ತು. 2020ರ ತಿದ್ದುಪಡಿಯಿಂದ ಅದೇ 130ಕ್ಕೆ 200 ವಾಹಿನಿಗಳಾದುವು. 2024ರ ಜುಲೈಯಲ್ಲಿ ಆ ಮಿತಿಯನ್ನು ತೆಗೆದು, ಶುಲ್ಕವನ್ನು ನಿಷ್ಕರ್ಷೆ ಮಾಡುವುದನ್ನು ಕೇಬಲ್ ಮತ್ತು ಡಿ.ಟಿ.ಎಚ್.ನವರ ವಿವೇಚನೆಗೆ ಬಿಡಲಾಯಿತು. ಆದಕಾರಣ ಇದನ್ನು ಕೇಳಿ ತಿಳಿದು, ಎರಡು ಕಡೆ ವಿಚಾರಿಸಿ ಹೋಲಿಸಬೇಕು. ಎರಡನೆಯ ಅಂಶದಲ್ಲಿ, ಕಟ್ಟಿನೊಳಗೆ ಸೇರಿಸಿ ಮಾರುವ ಯಾವ ವಾಹಿನಿಯ ಬಿಡಿ ಬೆಲೆಯೂ ತಿಂಗಳಿಗೆ 19 ರೂಪಾಯಿಯನ್ನು ಮೀರಬಾರದೆಂದು ನಿಯಮ. ಕಟ್ಟು ಎಂದರೆ ಹತ್ತಿಪ್ಪತ್ತು ವಾಹಿನಿಗಳನ್ನು ಸೇರಿಸಿದ ಗಂಟು. ಸಂತೆಯಲ್ಲಿ ಒಂದು ಹಿಡಿ ಕೊತ್ತಂಬರಿ ಬೇಕಾದವರಿಗೆ ಮಂಕರಿಯನ್ನೇ ಹೊರಿಸಿದಂತೆ ಇದು; ಬಿಡಿಯಾಗಿ ಕೇಳದವರಿಗೆ ಇದೇ ಗತಿ. ನಮ್ಮ 350 ರೂಪಾಯಿಯಲ್ಲಿ ಬಹುಭಾಗ ನಾವು ಒಂದು ದಿನವೂ ನೋಡದ ವಾಹಿನಿಗಳ ಬೆಲೆಯಾಗಿತ್ತು.

ಕೇಬಲ್ಲಿನ ಹುಡುಗನನ್ನು ಕರೆಸಿ, ಉಚಿತ ವಾಹಿನಿಗಳೂ ಅಕ್ಕನಿಗೆ ಬೇಕಾದ ಎರಡು ಕನ್ನಡ ವಾಹಿನಿಗಳೂ ಸಾಕೆಂದು ಹೇಳಿದೆವು. ನಮ್ಮಲ್ಲಿ ಮೂಲಶುಲ್ಕ 130 ರೂಪಾಯಿಯೇ ಉಳಿದಿತ್ತು. ವಾಹಿನಿಗೆ 19ರಂತೆ ಎರಡಕ್ಕೆ 38, ಒಟ್ಟು 168. ತೆರಿಗೆ ಸೇರಿ 198 ರೂಪಾಯಿ ಚಿಲ್ಲರೆ. ಮೊದಲು ತೆರುತ್ತಿದ್ದುದಕ್ಕಿಂತ ತಿಂಗಳಿಗೆ 150 ರೂಪಾಯಿಯಷ್ಟು ಉಳಿತಾಯ, ವರ್ಷಕ್ಕೆ 1,800. ನಾವು ಮೊದಲು ಹಿಗ್ಗಿದಷ್ಟಿಲ್ಲವಾದರೂ, ಇದು ಯಾರ ಸಂತೋಷವನ್ನೂ ಕಸಿದುಕೊಂಡು ಉಳಿಸಿದ ಹಣವಲ್ಲ. ಮಕ್ಕಳ ಪರೀಕ್ಷೆಯ ಕಾಲದಲ್ಲೋ ಊರಿಗೆ ಹೋಗುವಾಗಲೋ ಒಂದು ತಿಂಗಳೋ ಎರಡು ತಿಂಗಳೋ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆ ಅವಧಿಯ ಹಣವನ್ನು ಉಳಿಸಿಕೊಳ್ಳುವುದಕ್ಕೂ ನಿಯಮದಲ್ಲಿ ಅವಕಾಶವಿದೆ.

ಹಾಗಾದರೆ ಡಿಷ್ಷಿನ ಹಣ ನೀರಿನಲ್ಲಿ ಹೋಮವಾಯಿತೆ? ಆಗಲಿಲ್ಲ. ನಮ್ಮ ತೋಟದ ಮನೆಯಲ್ಲಿ ಒಂದು ಸಂಸಾರವಿದೆ. ಕೇಬಲ್ಲಿನ ತಂತಿ ಅಲ್ಲಿಗೆ ಬಂದಿಲ್ಲ. ಆ ಮನೆಯ ಹುಡುಗ ಪ್ರೌಢಶಾಲೆಯಲ್ಲಿ ಓದುತ್ತಾನೆ. ಅವನನ್ನು ಕಂಡಾಗ ನಮಗೆ ಜ್ಞಾಪಕಕ್ಕೆ ಬಂದದ್ದು 2020ರ ಇಸವಿ. ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದ್ದಾಗ, ಜುಲೈ ತಿಂಗಳಿನಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ ಸಂವೇದ’ ಎಂಬ ಪಾಠಗಳು ನಡೆದುವು. ನಾವು ಆಗ ಇನ್ನೂ ಸೇವೆಯಲ್ಲಿದ್ದೆವು. ಟಿ.ವಿ. ಇದ್ದ ಮನೆಯ ಮಕ್ಕಳು ಪಾಠವನ್ನು ಕೇಳಿದರು. ಇಲ್ಲದವರು ಬೇರೆಯವರ ಕಿಟಕಿಯ ಹೊರಗೆ ನಿಂತು ಕೇಳಿದರು. ಕಿಟಕಿಯ ಹೊರಗೆ ನಿಲ್ಲುವವರ ಅವಸ್ಥೆಯನ್ನು ಅಷ್ಟು ಹತ್ತಿರದಿಂದ ಕಂಡಿದ್ದ ನಾವೇ ನಮ್ಮ ಅಕ್ಕನನ್ನು ನೆರೆಮನೆಗೆ ಅಟ್ಟಿದ್ದೆವು. ಅಂತು ಡಿಷ್ಷು ತೋಟದ ಮನೆಗೆ ಹೋಯಿತು. ಅಲ್ಲಿ ಅಗ್ನಿಮೂಲೆಯಲ್ಲಿ ಮರವಿಲ್ಲ. ಚಿತ್ರ ಚೆನ್ನಾಗಿ ಬರುತ್ತದೆ.

ಕೊನೆಯದಾಗಿ, ಎಲ್ಲರೂ ಮರೆತಿರುವ ರೇಡಿಯೋ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಈ ದೇಶದ ಬಾನುಲಿಗೆ ಬಂದದ್ದು ಅಲ್ಲಿಂದ. ಬೆಂಗಳೂರಿನ ಕೇಂದ್ರ 1955ರ ನವೆಂಬರ್ 2ರಂದು ಆರಂಭವಾಯಿತು. ಇಂದು ಕೆಲವು ನೂರು ರೂಪಾಯಿಗೆ ದೊರೆಯುವ ಸಣ್ಣ ರೇಡಿಯೋದಲ್ಲಿ, ಬೆಂಗಳೂರಿನ ಆಸುಪಾಸಿನವರು ಎಫ್.ಎಂ. 102.9ರಲ್ಲಿ ವಿವಿಧ ಭಾರತಿಯನ್ನೂ 101.3ರಲ್ಲಿ ಕಾಮನಬಿಲ್ಲನ್ನೂ ಕೇಳಬಹುದು. ತಿಂಗಳ ಶುಲ್ಕವಿಲ್ಲ, ಕಣ್ಣಿಗೆ ಆಯಾಸವಿಲ್ಲ, ಕೇಳುತ್ತ ಕೈಕೆಲಸವನ್ನು ಮಾಡಬಹುದು. ಉಳಿತಾಯದ ಹಣದಿಂದ ಒಂದನ್ನು ತಂದು ಅಕ್ಕನ ಹಾಸಿಗೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇವೆ. ಬೆಳಗಿನ ಜಾವದ ಭಕ್ತಿಗೀತೆಗಳಿಂದ ಈಗ ಮನೆಯೇ ಎಚ್ಚರಗೊಳ್ಳುತ್ತದೆ.

ಈ ಅನುಭವದ ಸಾರವನ್ನು ಸಂಗ್ರಹಿಸಿ ಹೇಳುವುದಾದರೆ: ಚಂದನ, ವಾರ್ತೆ, ಮಕ್ಕಳ ಪಾಠ ಇವಿಷ್ಟೇ ಸಾಕೆನ್ನುವ ಮನೆಗೂ, ತಂತಿ ಬಾರದ ತೋಟದ ಮನೆಗೂ ಫ್ರೀ ಡಿಷ್ಷಿಗಿಂತ ಮೇಲಾದುದಿಲ್ಲ. ಕನ್ನಡದ ಒಂದೆರಡು ಖಾಸಗಿ ವಾಹಿನಿಗಳು ಬೇಕೇ ಬೇಕು ಎನ್ನುವವರು ಕೇಬಲ್ಲಿನವರಲ್ಲಾಗಲಿ ಡಿ.ಟಿ.ಎಚ್.ನವರಲ್ಲಾಗಲಿ ಬಿಡಿಯಾಗಿ ಆರಿಸಿಕೊಳ್ಳಲಿ. ಇಂಟರ್ನೆಟ್ಟಿಗೆ ಮೊದಲೇ ಹಣ ತೆರುತ್ತಿರುವ ಯುವಕರ ಸಂಸಾರಕ್ಕೆ ಒಂದು ಆ್ಯಪಿನ ಚಂದಾ ಸಾಕು. ರೇಡಿಯೋ ಎಲ್ಲ ಮನೆಗೂ ಇರಲಿ. ಬಿಟ್ಟಿಯಾಗಿ ಎಲ್ಲವನ್ನೂ ತೋರಿಸುತ್ತೇವೆಂದು ಕಳ್ಳಮಾರ್ಗದ ಪೆಟ್ಟಿಗೆಗಳನ್ನು ಮಾರುವವರ ಸಹವಾಸವನ್ನು ಮಾತ್ರ ಯಾರೂ ಮಾಡಬಾರದು.

ಯಾವುದನ್ನು ಆರಿಸುವುದಕ್ಕೂ ಮೊದಲು ನಮ್ಮ ಸೋದರ ಸೋದರಿಯರು ಪಟ್ಟಿಯನ್ನು ಬರೆಯಲಿ. ಬರೆದಮೇಲೆ ಮನೆಯಲ್ಲಿರುವ ತಲೆಗಳನ್ನೂ ಪಟ್ಟಿಯಲ್ಲಿರುವ ಹೆಸರುಗಳನ್ನೂ ಎಣಿಸಿ ನೋಡಲಿ. ಹೊರಗೆ ಹೋಗಿ ಬರುವವರಿಗೆ ಮನಸ್ಸಿನ ವಿನೋದಕ್ಕೆ ಹತ್ತು ದಾರಿಗಳುಂಟು. ಮೂಲೆಯಲ್ಲಿ ಕುಳಿತು ಏನನ್ನೂ ಕೇಳದೆ ಇರುವವರಿಗೆ ಒಂದೇ ಇರುತ್ತದೆ. ಮಿತವ್ಯಯವನ್ನು ಅವರಿಂದ ಆರಂಭಿಸಬಾರದು.

ಅಕ್ಕನ ಮಣಿಕಟ್ಟು ಈಗ ವಾಸಿಯಾಗಿದೆ. ಸಂಜೆ ಏಳು ಗಂಟೆಗೆ ನೆರೆಮನೆಯಾಕೆಯೇ ನಮ್ಮ ಹಜಾರಕ್ಕೆ ಬರುತ್ತಾರೆ. ನಾವೂ ಕಟ್ಟೆಯಿಂದ ಸ್ವಲ್ಪ ಮುಂಚೆಯೇ ಹಿಂದಿರುಗಿ ಅವರ ಹಿಂದೆ ಕುಳಿತು ನೋಡುವುದುಂಟು. ಆ ಕಥೆಯ ಸೊಸೆಗೆ ಈಚೆಗೆ ಬಹಳ ಕಷ್ಟ ಬಂದಿದೆ.